ಪುಸ್ತಕದ ಚಿತ್ರದಲ್ಲಿರುವ ಹೂವು ನಮ್ಮ ಶಾಲೆಯ ಹಿತ್ತಲಲ್ಲಿ ಯಾಕೆ ಸಿಗುತ್ತಿಲ್ಲ?

ಮಲೆನಾಡ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ ನಾನು ಟೀಚರ್. ಹನ್ನೊಂದು ವರ್ಷದಿಂದ ಕನ್ನಡ ಪಾಠ ಮಾಡಿಕೊಂಡು ಬಂದವಳು. ಈ ವರ್ಷ ಆರನೇ ತರಗತಿಯ ವಿಜ್ಞಾನವೂ ನನ್ನ ಪಾಲಿಗೆ ಬಂದಿದೆ. ಓದಿಕೊಂಡೇ ಹೋಗುತ್ತೇನೆ, ಆದರೆ ಈ ವಾರ ಹೂವಿನ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಪುಸ್ತಕದ ಚಿತ್ರ ಚೆಂದವಾಗಿದೆ. ಹೊರಗೆ ಹಸಿರು ಪುಷ್ಪಪತ್ರ, ಅದರ ಒಳಗೆ ಬಣ್ಣದ ದಳ, ಅದರ ಒಳಗೆ ಕೇಸರ, ನಡುವೆ ಶಲಾಕೆ. ನಾಲ್ಕು ಭಾಗ, ನಾಲ್ಕು ಹೆಸರು. ಬೋರ್ಡಿನ ಮೇಲೆ ಬರೆದೆ, ಮಕ್ಕಳೂ ಬರೆದುಕೊಂಡರು. ಆಮೇಲೆ, "ನಾಳೆ ಎಲ್ಲರೂ ಮನೆಯಿಂದ ಒಂದೊಂದು ಹೂವು ತನ್ನಿ, ಬಿಡಿಸಿ ನೋಡೋಣ" ಅಂದೆ.

19 ಮಕ್ಕಳು. ಮೇಜಿನ ಮೇಲೆ ಹೂವಿನ ರಾಶಿ. ಒಂದೂ ಚಿತ್ರದ ಹಾಗೆ ಇರಲಿಲ್ಲ!

ಒಬ್ಬಳು ಜಾಜಿ ಮಲ್ಲಿಗೆ ತಂದಿದ್ದಳು. ಬಿಳಿ ಎಸಳು ಇದೆ, ಬುಡದಲ್ಲಿ ಹಸಿರು ಇದೆ, ಕೇಸರ ಎಲ್ಲೂ ಕಾಣಲಿಲ್ಲ. ದೀಪಾವಳಿ ಹತ್ತಿರ ಅಲ್ವಾ, ಏಳು ಮಕ್ಕಳು ಚೆಂಡುಹೂವನ್ನೇ ತಂದಿದ್ದರು. ಅದನ್ನು ಎಷ್ಟು ಬಿಡಿಸಿದರೂ ಬರೀ ಎಸಳು, ಎಸಳು, ಎಸಳು. ಇಬ್ಬರು ಮುದ್ದೆ ದಾಸವಾಳ ತಂದಿದ್ದರು, ಅದೇ ಎಸಳು ಜಾಸ್ತಿ ಇರುವ ಕೆಂಪು ಡಬಲ್ ದಾಸವಾಳ. ಪುಸ್ತಕದಲ್ಲಿ ದಾಸವಾಳಕ್ಕೆ ಉದ್ದ ಕಡ್ಡಿ ಇದೆ, ಇದಕ್ಕೆ ಇಲ್ಲ. ಶಾಲೆಯ ಬೇಲಿಯಲ್ಲಿರುವ ಕಾಗದದ ಹೂವನ್ನು ಒಬ್ಬ ಕಿತ್ತು ತಂದ. ಅದರ ಗುಲಾಬಿ ಎಸಳುಗಳಲ್ಲಿ ಎಲೆಯ ಹಾಗೆ ನರ ಇದೆ. ಎಸಳಿಗೆ ಎಲೆಯ ನರ ಹೇಗೆ ಬಂತು?

ಕೊನೆಗೆ ಒಬ್ಬ ಹುಡುಗ ಚೀನಿಕಾಯಿ ಬಳ್ಳಿಯಿಂದ ಎರಡು ಹೂವು ತಂದಿದ್ದ. ಒಂದರ ಬುಡದಲ್ಲಿ ಗೋಲಿಯಷ್ಟು ಕಾಯಿ, ಇನ್ನೊಂದಕ್ಕೆ ಉದ್ದ ತೊಟ್ಟು ಮಾತ್ರ. ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದ: "ಟೀಚರ್, ಎರಡೂ ಒಂದೇ ಬಳ್ಳಿಯದ್ದು. ಯಾವುದು ಸರಿಯಾದ ಹೂವು?"

ನನಗೆ ಉತ್ತರ ಗೊತ್ತಿರಲಿಲ್ಲ. ಸುಮ್ನೆ ಏನೋ ಹೇಳಿ ಮುಂದೆ ಹೋಗುವುದಕ್ಕೆ ಮನಸ್ಸು ಬರಲಿಲ್ಲ. "ಸೋಮವಾರ ಹೇಳುತ್ತೇನೆ" ಅಂದಿದ್ದೇನೆ. ಆ ಹುಡುಗ ಖಂಡಿತ ಮರೆಯುವುದಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿಕೊಡಿ. ಮಕ್ಕಳಿಗೆ ಹೇಳುವ ಹಾಗೆ ಹೇಳಿದರೆ ಇನ್ನೂ ಒಳ್ಳೆಯದು.

---

ಧಾರವಾಡದ ನಿವೃತ್ತ ಮೇಷ್ಟ್ರು

ಅಕ್ಕೋರೇ, ನಮಸ್ಕಾರ. 31 ವರ್ಷ ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸಿದವನು ನಾನು. ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಆ ಹುಡುಗನ ಪ್ರಶ್ನೆ ಇನ್ನೂ ಹಿಡಿಸಿತು. ನಿಧಾನವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಒಂದು ಮಾತು. ಹೂವಿನ ಭಾಗವನ್ನು ಬಣ್ಣ ನೋಡಿ ಗುರುತಿಸಬೇಡಿ, ಜಾಗ ನೋಡಿ ಗುರುತಿಸಿ. ಹಸಿರು ಇದ್ದರೆ ಪುಷ್ಪಪತ್ರ, ಬಣ್ಣ ಇದ್ದರೆ ದಳ ಅಂತ ಮಕ್ಕಳು ಹಿಡಿದುಕೊಂಡುಬಿಡುತ್ತಾರೆ. ನಿಮ್ಮ ತೊಂದರೆ ಮುಕ್ಕಾಲು ಪಾಲು ಅಲ್ಲೇ ಇದೆ. ಹೂವಿನ ತೊಟ್ಟಿನ ತುದಿಯಲ್ಲಿ ನಾಲ್ಕು ಸುತ್ತು ಇರುತ್ತವೆ, ಅಂಗಳದ ರಂಗೋಲಿಯಲ್ಲಿ ಒಂದು ಸುತ್ತಿನ ಒಳಗೆ ಇನ್ನೊಂದು ಸುತ್ತು ಎಳೆದ ಹಾಗೆ. ಹೊರಗಿನಿಂದ ಒಳಗೆ ಹೋಗುತ್ತಾ ಎಣಿಸಬೇಕು. ಮೊದಲನೆಯದು ಪುಷ್ಪಪತ್ರ, ಎರಡನೆಯದು ದಳ, ಮೂರನೆಯದು ಕೇಸರ, ನಟ್ಟನಡುವೆ ಶಲಾಕೆ. ಈ ಕ್ರಮ ತಪ್ಪುವುದು ಬಹಳ ಅಪರೂಪ. ಆದರೆ ಒಂದು ಸುತ್ತು ಪೂರ್ತಿ ಇಲ್ಲದೆ ಇರಬಹುದು. ಎರಡು ಸುತ್ತು ಒಂದಕ್ಕೊಂದು ಅಂಟಿಕೊಂಡಿರಬಹುದು. ಹಸಿರು ಇರಬೇಕಾದ ಸುತ್ತು ಬಣ್ಣ ಹಾಕಿಕೊಂಡಿರಬಹುದು.

ಸೋಮವಾರ ಎಲ್ಲಕ್ಕೂ ಮೊದಲು ಒಂಟಿ ಎಸಳಿನ ದಾಸವಾಳ ತೆಗೆದುಕೊಳ್ಳಿ. ಐದೇ ಎಸಳಿನ ಹಳೇ ಕೆಂಪು ದಾಸವಾಳ. ಅದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಬುಡದಲ್ಲಿ ಸಣ್ಣ ಸಣ್ಣ ಹಸಿರು ಕಡ್ಡಿಯಂಥ ಎಲೆಗಳ ಒಂದು ಸುತ್ತು ಸಿಗುತ್ತದೆ, ಸಾಮಾನ್ಯವಾಗಿ 6-7 ಇರುತ್ತವೆ. ಅದು ದಾಸವಾಳದ ಕುಟುಂಬದಲ್ಲಿ ಕಾಣುವ ಹೆಚ್ಚಿನ ಸುತ್ತು. ಪುಷ್ಪಪತ್ರ ಅದಲ್ಲ. ಅದರ ಒಳಗಿನ ಲೋಟದಂಥ ಹಸಿರು ಭಾಗ ಪುಷ್ಪಪತ್ರ. ಲೋಟದ ಬಾಯಲ್ಲಿ ಐದು ಹಲ್ಲು ಎಣಿಸಿ. ಅಂದರೆ ಐದು ಪುಷ್ಪಪತ್ರ ಕೂಡಿ ಒಂದಾಗಿವೆ.

ಆಮೇಲೆ ಐದು ಎಸಳು. ಮೆಲ್ಲಗೆ ಎಳೆಯಿರಿ. ಎಸಳಿನ ಜೊತೆ ನಡುವಿನ ಕೊಳವೆಯೂ ಕಿತ್ತು ಬರುತ್ತದೆ, ಯಾಕೆಂದರೆ ಎರಡೂ ಬುಡದಲ್ಲಿ ಅಂಟಿಕೊಂಡಿವೆ. ಆ ಕೊಳವೆಯೇ ಕೇಸರಗಳ ಗುಂಪು. ಹತ್ತಾರು ಕೇಸರಗಳ ಕಾಲು ಒಂದಾಗಿ ಕೊಳವೆಯಾಗಿದೆ, ತಲೆ ಮಾತ್ರ ಬೇರೆ ಬೇರೆ. ಹಳದಿ ಪುಡಿ ಅಂಟಿದ ಆ ತಲೆಗಳೇ ಪರಾಗಕೋಶ. ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ. (ಮಕ್ಕಳ ಕೈಗೆ ಬ್ಲೇಡ್ ಬೇಡ, ನೀವೇ ಸೀಳಿ.) ಒಳಗೆ ನೂಲಿನಂಥ ಒಂದು ಎಳೆ ಓಡುತ್ತದೆ. ಅದು ಶಲಾಕೆಯ ಉದ್ದನೆಯ ಕುತ್ತಿಗೆ. ಅದರ ತುದಿ ಕೊಳವೆಯಿಂದ ಹೊರಗೆ ಬಂದು ಐದು ಕವಲಾಗಿ, ಒಂದೊಂದು ಕವಲಿಗೂ ಕೆಂಪು ಮಖಮಲ್ಲಿನ ಗುಂಡು ಇರುತ್ತದೆ. ಅದು ಶಲಾಕಾಗ್ರ, ಪರಾಗ ಬಂದು ಕೂರುವ ಜಾಗ. ಎಳೆಯನ್ನು ಹಿಡಿದು ಕೆಳಗೆ ಹೋದರೆ ಬುಡದಲ್ಲಿ ಅಂಡಾಶಯ. ಅಡ್ಡಕ್ಕೆ ಕೊಯ್ದರೆ ಐದು ಕೋಣೆ.

ಇಲ್ಲಿ ಒಂದು ಬೆಂಡೆಕಾಯಿ ತೆಗೆದು ಅಡ್ಡ ಕೊಯ್ದು ತೋರಿಸಿ. ಬೆಂಡೆಯೂ ದಾಸವಾಳದ ಕುಟುಂಬವೇ. ಅದರಲ್ಲೂ ಕೋಣೆಗಳು ಸಾಮಾನ್ಯವಾಗಿ ಐದು, ಒಂದೊಂದರಲ್ಲೂ ಬೀಜದ ಸಾಲು. ದಾಸವಾಳದಲ್ಲಿ ಕಣ್ಣಿಗೆ ಸರಿಯಾಗಿ ಕಾಣದ್ದು ಬೆಂಡೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಹೂವಿನ ಅಂಡಾಶಯವೇ ಬೆಳೆದು ಕಾಯಿ ಆಗುತ್ತದೆ ಅನ್ನುವುದನ್ನು ಇದಕ್ಕಿಂತ ಸುಲಭವಾಗಿ ಹೇಳಲು ನನಗೆ ಬಂದಿಲ್ಲ.

ಈಗ ನಿಮ್ಮ ಮೇಜಿನ ಹೂವುಗಳು.

ಜಾಜಿಗೆ ಕೇಸರ ಇದೆ, ಎರಡೇ ಎರಡು. ಎಸಳುಗಳು ಕೆಳಗೆ ಕೂಡಿ ಸಪೂರ ನಳಿಗೆಯಾಗಿವೆ ಅಲ್ವಾ, ಅದರ ಒಳಗೋಡೆಗೆ ಅಂಟಿಕೊಂಡು ಕೂತಿವೆ. ಗುಂಡುಸೂಜಿಯಿಂದ ನಳಿಗೆ ಸೀಳಿ ನೋಡಿ. ಪಾರಿಜಾತದ ಕಿತ್ತಳೆ ನಳಿಗೆಯಲ್ಲೂ ಎರಡೇ. ಎರಡೂ ಒಂದೇ ಕುಟುಂಬದವು. ಸ್ವೀಡನ್ನಿನ ಲಿನೇಯಸ್ 1735ರಲ್ಲಿ ಗಿಡಗಳನ್ನು ಗುಂಪು ಮಾಡಿದ್ದು ಹೀಗೆ ಕೇಸರ ಎಣಿಸಿಯೇ. ಮಲ್ಲಿಗೆಯನ್ನು ಅವನು ಎರಡು ಕೇಸರದ ಗುಂಪಿಗೆ ಸೇರಿಸಿದ್ದ. ನಿಮ್ಮ ಮಕ್ಕಳೂ ಎಣಿಸಲಿ. ಆದರೆ ಎಸಳು ಜಾಸ್ತಿ ಇರುವ ದುಂಡು ಮಲ್ಲಿಗೆ ಬೇಡ, ಒಂಟಿ ಸುತ್ತಿನದೇ ಇರಲಿ.

ಚೆಂಡುಹೂವು ಒಂದು ಹೂವಲ್ಲ, ಹೂವುಗಳ ಒಂದು ಊರು. ನೀವು ಎಸಳು ಅಂತ ಕಿತ್ತಿದ್ದು ಒಂದೊಂದೂ ಪೂರ್ತಿ ಹೂವು. ಒಂದನ್ನು ಬುಡದ ಸಮೇತ ಕೀಳಿ. ಕೆಳಗೆ ಸಪೂರ ಕಡ್ಡಿಯಂಥದ್ದು ಇದೆ, ಅದು ಅಂಡಾಶಯ. ಒಣಗಿದ ಮೇಲೆ ಅದೇ ಕಪ್ಪು ಬೀಜ. ಮಕ್ಕಳ ಮನೆಯಲ್ಲಿ ಒಣಗಿದ ಚೆಂಡುಹೂವು ಉದುರಿಸಿ ಬೀಜ ಹಾಕುತ್ತಾರಲ್ಲ, ಅದೇ. ಎಸಳು ಶುರುವಾಗುವ ಜಾಗದಲ್ಲಿ ಎರಡು ಕವಲಿನ ಹಳದಿ ಎಳೆ ಕಂಡರೆ ಅದು ಶಲಾಕಾಗ್ರ. ಹೊರಗಿನ ಹಸಿರು ಬಟ್ಟಲು ಇಡೀ ಊರಿಗೆ ಹಾಕಿದ ಬೇಲಿ, ಒಂದು ಹೂವಿನ ಪುಷ್ಪಪತ್ರ ಅಲ್ಲ. ಸೇವಂತಿಗೆ, ಸೂರ್ಯಕಾಂತಿ ಎರಡೂ ಹೀಗೆಯೇ. ಸೂರ್ಯಕಾಂತಿಯಲ್ಲಿ ಅಂಚಿನ ಹಳದಿ ಹೂವುಗಳು ಬೀಜ ಕಟ್ಟುವುದಿಲ್ಲ, ನಡುವಿನ ಪುಟ್ಟ ಹೂವುಗಳು ಒಂದೊಂದು ಬೀಜ ಕೊಡುತ್ತವೆ.

ಕಾಗದದ ಹೂವಿನಲ್ಲಿ ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ. ಆ ಗುಲಾಬಿ ಬಣ್ಣದ್ದು ಎಲೆಯೇ, ಬಣ್ಣ ಬಂದ ಎಲೆ. ಮೂರು ಎಲೆ ಸೇರಿ ಹೂವಿನ ಹಾಗೆ ಕಾಣುತ್ತದೆ. ಒಂದೊಂದು ಎಲೆಯ ನಡು ನರಕ್ಕೆ ಅಂಟಿಕೊಂಡು ಒಂದೊಂದು ಸಪೂರ ಕೊಳವೆ ಇದೆ, ಬಾಯಲ್ಲಿ ಪುಟ್ಟ ಕೆನೆಬಣ್ಣದ ನಕ್ಷತ್ರ. ಅದು ನಿಜವಾದ ಹೂವು. ಅದರಲ್ಲಿ ಬೇರೆ ದಳವೇ ಇಲ್ಲ, ಮೊದಲ ಸುತ್ತೇ ದಳದ ಕೆಲಸ ಮಾಡುತ್ತದೆ.

ಚೀನಿಕಾಯಿಯ ಎರಡೂ ಸರಿಯಾದ ಹೂವು. ಕಾಯಿ ಇರುವುದು ಹೆಣ್ಣು, ಉದ್ದ ತೊಟ್ಟಿನದು ಗಂಡು. ನಾಲ್ಕನೇ ಸುತ್ತು ಒಂದರಲ್ಲಿ ಇದೆ, ಮೂರನೇ ಸುತ್ತು ಇನ್ನೊಂದರಲ್ಲಿ. ಆದರೆ ಹೆಣ್ಣು ಹೂವಿನಲ್ಲಿ ಇನ್ನೊಂದು ವಿಷಯ ನೋಡಿ. ಕಾಯಿ ಎಸಳಿನ ಕೆಳಗೆ ಇದೆ, ದಾಸವಾಳದ ಹಾಗೆ ಎಸಳಿನ ಒಳಗೆ ಅಲ್ಲ. ಕೆಲವು ಗಿಡಗಳಲ್ಲಿ ಅಂಡಾಶಯ ಉಳಿದ ಸುತ್ತುಗಳ ಮೇಲೆ ಕೂರುತ್ತದೆ, ಕೆಲವದರಲ್ಲಿ ಕೆಳಗೆ. ಇದನ್ನು ಅಡುಗೆಮನೆಯಲ್ಲೇ ತೋರಿಸಬಹುದು. ಬದನೆಕಾಯಿಗೆ ಹಸಿರು ಟೋಪಿ ಇದೆಯಲ್ಲ, ಅದು ಪುಷ್ಪಪತ್ರ. ಅದು ತೊಟ್ಟಿನ ಕಡೆ ಇದೆ. ಅಂದರೆ ಅಂಡಾಶಯ ಮೇಲಿತ್ತು. ಪೇರಲೆ, ದಾಳಿಂಬೆಗಳಲ್ಲಿ ಅದೇ ಪುಷ್ಪಪತ್ರ ತೊಟ್ಟಿನ ಎದುರು ತುದಿಯಲ್ಲಿ ಕಿರೀಟವಾಗಿ ಉಳಿದಿರುತ್ತದೆ. ಅಂದರೆ ಅಂಡಾಶಯ ಕೆಳಗಿತ್ತು. ಒಂದು ಬದನೆ, ಒಂದು ದಾಳಿಂಬೆ ಅಕ್ಕಪಕ್ಕ ಇಡಿ. ಹೂವು ಉದುರಿ ಎಷ್ಟು ದಿನವಾದರೂ ಅದು ಹೇಗಿತ್ತು ಅಂತ ಹಣ್ಣು ಹೇಳುತ್ತದೆ.

---

ಹಿತ್ತಲ ಬಳ್ಳಿ

ಟೀಚರೇ, ನಾನು ಶಿರಸಿ ಕಡೆಯವಳು. ಶಾಸ್ತ್ರ ಓದಿಲ್ಲ, ತರಕಾರಿ ಬೆಳೆಯುತ್ತೇನೆ. ಚೀನಿಕಾಯಿ ಹೂವಿನ ಬಗ್ಗೆ ಮಾತ್ರ ಹೇಳಬಲ್ಲೆ, ಯಾಕೆಂದರೆ ಅದರಿಂದ ನನಗೆ ಎರಡು ವರ್ಷ ಬೆಳೆ ಹೋಗಿದೆ.

ಕೊಟ್ಟಿಗೆ ಮಾಡಿನ ಮೇಲೆ ಬಳ್ಳಿ ಹಬ್ಬಿತ್ತು. ಹೂವು ಬೇಕಾದಷ್ಟು. ಹೆಣ್ಣು ಹೂವಿನ ಬುಡದ ಮಿಡಿ ನೋಡಿ ಖುಷಿಪಡುತ್ತಿದ್ದೆ. ನಾಲ್ಕು ದಿನಕ್ಕೆ ಹಳದಿಯಾಗಿ ಕೊಳೆತು ಬೀಳುತ್ತಿತ್ತು. ಗೊಬ್ಬರ ಕಮ್ಮಿಯಾಯಿತು ಅಂತ ಗೊಬ್ಬರ ಹಾಕಿದೆ, ಬೂದಿ ಹಾಕಿದೆ. ಏನೂ ಆಗಲಿಲ್ಲ. ಮೂರನೇ ವರ್ಷ ನಮ್ಮ ಅತ್ತೆ ಬಂದು ನೋಡಿ, "ಗಂಡು ಹೂವನ್ನೆಲ್ಲ ಪಲ್ಯಕ್ಕೆ ಕೊಯ್ದರೆ ಕಾಯಿ ಎಲ್ಲಿಂದ ಬರಬೇಕು?" ಅಂದರು. ನಿಜವಾಗಿಯೂ ನಾನು ಕಾಯಿ ಇಲ್ಲದ ಹೂವು ಬಳ್ಳಿಗೆ ಬರೀ ಭಾರ ಅಂತ ಎಲ್ಲವನ್ನೂ ಕೊಯ್ದುಬಿಡುತ್ತಿದ್ದೆ.

ಈಗ ಬೆಳಿಗ್ಗೆ ಏಳು ಗಂಟೆ ಒಳಗೆ ಬಳ್ಳಿ ಹತ್ತಿರ ಹೋಗುತ್ತೇನೆ. ಬಿಸಿಲು ಏರಿದರೆ ಹೂವು ಮುಚ್ಚಿಕೊಳ್ಳುತ್ತದೆ. ಒಂದು ಗಂಡು ಹೂವು ಕಿತ್ತು ಎಸಳು ತೆಗೆದರೆ ನಡುವೆ ಹಳದಿ ಪುಡಿಯ ಕಡ್ಡಿ ಉಳಿಯುತ್ತದೆ. ಅದನ್ನು ಹೆಣ್ಣು ಹೂವಿನ ನಡುವಿನ ಅಂಟಂಟು ಗಂಟಿಗೆ ಮೆಲ್ಲಗೆ ಒರೆಸಬೇಕು. ಅಷ್ಟೇ. ಜೇನು ಮಾಡುವ ಕೆಲಸ ನಾವು ಮಾಡಿದ ಹಾಗೆ. ಬಳ್ಳಿಯಲ್ಲಿ ಮೊದಲು ಗಂಡು ಹೂವೇ ಬರುತ್ತದೆ, ಹೆಣ್ಣು ಆಮೇಲೆ. ಅದಕ್ಕೆ ಶುರುವಿನಲ್ಲಿ ಕಾಯಿ ಇಲ್ಲ ಅಂತ ಹೆದರಬಾರದು. ಹೀರೆ ಮತ್ತು ಸೋರೆ ಮಾತ್ರ ಸಂಜೆ ಅರಳುತ್ತವೆ, ಅವಕ್ಕೆ ಸಂಜೆ ಹೋಗಬೇಕು.

ಆ ಹುಡುಗನ ಬಳ್ಳಿಯಲ್ಲೇ ಮಾಡಿಸಿ ನೋಡಿ. ಒರೆಸಿದ ಹೂವಿನ ತೊಟ್ಟಿಗೆ ಒಂದು ದಾರ ಕಟ್ಟಲಿ.

ಇನ್ನೊಂದು. ಬಾಳೆ ಹೂವಿನ ಪಲ್ಯ ಮಾಡುವಾಗ ಒಂದೊಂದು ಪುಟ್ಟ ಹೂವಿನಿಂದಲೂ ಬೆಂಕಿಕಡ್ಡಿಯಂಥದ್ದನ್ನು ಕಿತ್ತು ಬಿಸಾಡುತ್ತೇವೆ, ಬೇಯುವುದಿಲ್ಲ ಅಂತ. ಅದು ಏನು? ಮೇಷ್ಟ್ರು ಹೇಳಬಹುದಾ?

---

ಧಾರವಾಡದ ನಿವೃತ್ತ ಮೇಷ್ಟ್ರು

ತಂಗಿ, ಆ ಬೆಂಕಿಕಡ್ಡಿ ಶಲಾಕೆ. ತುದಿಯ ಗುಂಡು ಶಲಾಕಾಗ್ರ. ಅದರ ಸುತ್ತ ಐದು ಮೆತ್ತನೆ ಎಳೆಗಳಿವೆ, ಅವು ಕೇಸರ. ಹೊರಗೆ ಒಂದು ಪಾರದರ್ಶಕ ಸಿಪ್ಪೆ ಇರುತ್ತದೆ, ಅದನ್ನೂ ಕಿತ್ತು ಹಾಕುತ್ತೀರಿ ಅಲ್ಲವೇ? ಬಾಳೆಯಲ್ಲಿ ಹೊರಗಿನ ಎರಡು ಸುತ್ತು ಸೇರಿ ಆರು ಎಸಳು. ಐದು ಕೂಡಿಕೊಂಡಿವೆ, ಒಂದು ಮಾತ್ರ ಬೇರೆ ಉಳಿದಿದೆ. ಆ ಸಿಪ್ಪೆ ಆ ಒಂಟಿ ಎಸಳು.

ಗೊನೆಯಲ್ಲಿ ಮೊದಲು ಅರಳುವ ಹೂವುಗಳು ಹೆಣ್ಣು, ಅವು ಕಾಯಿ ಆಗುತ್ತವೆ. ತುದಿಯಲ್ಲಿ ಉಳಿಯುವ ಕೆಂಪು ಮೂತಿಯೊಳಗಿನವು ಗಂಡು. ನೀವು ಪಲ್ಯ ಮಾಡುವುದು ಗಂಡು ಹೂವುಗಳನ್ನು. ಅವುಗಳಲ್ಲಿ ಶಲಾಕೆ ಇದ್ದರೂ ಕಾಯಿ ಕಟ್ಟುವುದಿಲ್ಲ.

ಅಕ್ಕೋರೇ, ಇವರು ದಾರ ಕಟ್ಟಲು ಹೇಳಿದ್ದು ಬಹಳ ಒಳ್ಳೆಯದು. ಒರೆಸಿದ ಹೂವು ಒಂದು, ಒರೆಸದೆ ತೆಳು ಬಟ್ಟೆ ಚೀಲ ಕಟ್ಟಿದ ಹೂವು ಒಂದು, ಹೀಗೆ ಎರಡು ಇಟ್ಟುಕೊಳ್ಳಿ. ಚೀಲವನ್ನು ಹಿಂದಿನ ದಿನ ಸಂಜೆಯೇ, ಹೂವು ಅರಳುವ ಮೊದಲು ಕಟ್ಟಬೇಕು. ಇಲ್ಲವಾದರೆ ಜೇನು ಮೊದಲೇ ಬಂದು ಹೋಗಿರುತ್ತದೆ.

---

ಮಲೆನಾಡ ಟೀಚರ್

ಸರ್, ಅಕ್ಕಾ, ಇಬ್ಬರಿಗೂ ತುಂಬಾ ಧನ್ಯವಾದ. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದುಕೊಂಡು ಅಂಗಳದ ಜಾಜಿ ಕಿತ್ತು ತಂದು ಸೀಳಿದೆ. ಎರಡು ಕೇಸರ ಸಿಕ್ಕಿತು! ದಿನಾ ಮುಡಿದುಕೊಳ್ಳುವ ಹೂವು. ಇಷ್ಟು ವರ್ಷ ಅದರ ಒಳಗೆ ಇಣುಕಿಯೇ ಇರಲಿಲ್ಲ.

ಎರಡು ಸಂಶಯ ಉಳಿದಿವೆ. ಮುದ್ದೆ ದಾಸವಾಳದ ಬಗ್ಗೆ ಸರ್ ಹೇಳಲಿಲ್ಲ. ಅದರ ಕೇಸರ ಎಲ್ಲಿ ಹೋಯಿತು? ಇನ್ನೊಂದು, ಭಾಷೆಯ ಪ್ರಶ್ನೆ. ಪಾಯಸಕ್ಕೆ ಹಾಕುವ ಕೇಸರಿ, ಹೂವಿನ ಕೇಸರವೇ ಅಲ್ವಾ? ಹಾಗೆ ಮಕ್ಕಳಿಗೆ ಹೇಳಿದರೆ ನೆನಪಿಡುತ್ತಾರೆ ಅಂತ ಅನ್ನಿಸಿತು.

---

ನೈದಿಲೆ ಕೆರೆ

ಟೀಚರ್, ನಾನು ಬೆಂಗಳೂರಿನಲ್ಲಿ ಗಿಡಗಳ ಜೀನ್ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಮೊದಲು ಕೇಸರಿಯ ವಿಷಯ. ದಯವಿಟ್ಟು ಹಾಗೆ ಹೇಳಬೇಡಿ. ಹೆಸರು ಒಂದೇ ಥರ ಇದೆ, ಆದರೆ ಪಾಯಸದ ಕೇಸರಿ ಕೇಸರ ಅಲ್ಲ, ಶಲಾಕಾಗ್ರ. ಕಾಶ್ಮೀರದ ಪಾಂಪೋರ್‌ನಲ್ಲಿ ಬೆಳೆಯುವ ಆ ನೇರಳೆ ಹೂವಿನಲ್ಲಿ ಹಳದಿ ಕೇಸರ ಮೂರು ಇವೆ, ಅವನ್ನು ಯಾರೂ ಕೇಳುವುದಿಲ್ಲ. ನಡುವಿನ ಶಲಾಕೆ ಮೂರು ಕೆಂಪು ಎಳೆಯಾಗಿ ಕವಲೊಡೆಯುತ್ತದೆ, ಅದನ್ನೇ ಬಿಡಿಸಿ ಒಣಗಿಸುತ್ತಾರೆ. ಒಂದು ಹೂವಿಗೆ ಮೂರೇ ಎಳೆ. ಕಿಲೋಗೆ ಲಕ್ಷಕ್ಕೂ ಜಾಸ್ತಿ ಹೂವು ಬೇಕು. ಅದಕ್ಕೇ ಆ ಬೆಲೆ. ಆ ಗಿಡ ಬೀಜ ಕಟ್ಟುವುದೂ ಇಲ್ಲ, ಗೆಡ್ಡೆಯಿಂದಲೇ ಬೆಳೆಸಬೇಕು. ಕನ್ನಡದ ಟೀಚರ್ ಆಗಿ ನಿಮಗೆ ಇದು ಇಷ್ಟವಾಗಬಹುದು.

ಈಗ ಮುದ್ದೆ ದಾಸವಾಳ. ಅದರ ಕೇಸರ ಎಲ್ಲೂ ಹೋಗಿಲ್ಲ, ಎಸಳಾಗಿ ಬದಲಾಗಿದೆ. ಒಳಗಿನ ಎಸಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಕೆಲವು ಎಸಳಿನ ಅಂಚಿನಲ್ಲಿ ಪುಟ್ಟ ಹಳದಿ ಗಂಟು ಅಂಟಿಕೊಂಡಿರುತ್ತದೆ. ಅದು ಪರಾಗಕೋಶ. ಅರ್ಧ ಕೇಸರ, ಅರ್ಧ ಎಸಳು. ಅಂಥದ್ದು ಒಂದು ಸಿಕ್ಕಿದರೆ ಮಕ್ಕಳಿಗೆ ಬೇರೆ ಏನೂ ಹೇಳಬೇಕಾಗಿಲ್ಲ.

ರೋಜಾ ಕೂಡ ಹೀಗೆಯೇ. ಕಾಡುರೋಜಾಕ್ಕೆ ಐದೇ ಎಸಳು, ನಡುವೆ ರಾಶಿ ಕೇಸರ. ತೋಟದ ರೋಜಾದಲ್ಲಿ ಆ ಕೇಸರಗಳಲ್ಲಿ ಎಷ್ಟೋ ಎಸಳಾಗಿವೆ. ಇಂಥ ಗಿಡ ಎಲ್ಲೋ ಒಂದು ಹುಟ್ಟಿದಾಗ ಚೆಂದ ಕಂಡು ಜನ ಅದನ್ನೇ ಕಸಿ ಮಾಡಿ, ಗೆಲ್ಲು ನೆಟ್ಟು ಉಳಿಸಿಕೊಂಡರು.

ಕೇಸರ ಎಸಳಾಗುವುದು ಹೇಗೆ ಸಾಧ್ಯ? ಜರ್ಮನಿಯ ಕವಿ ಗಯಟೆ 1790ರಲ್ಲೇ ಹೇಳಿದ್ದ, ಹೂವಿನ ಭಾಗಗಳೆಲ್ಲ ಒಂದೇ ಅಂಗದ ಬೇರೆ ಬೇರೆ ರೂಪ, ಎಲೆಯೂ ಅದರದೇ ರೂಪ ಅಂತ. ಅದಕ್ಕೆ ಕಾರಣ ಸಿಕ್ಕಿದ್ದು ಇನ್ನೂರು ವರ್ಷ ಕಳೆದ ಮೇಲೆ. 1991ರಲ್ಲಿ ಕೋಯೆನ್ ಮತ್ತು ಮೆಯೆರೋವಿಟ್ಜ್ ಎಂಬ ಇಬ್ಬರು ವಿಜ್ಞಾನಿಗಳು ಎ, ಬಿ, ಸಿ ಎನ್ನುವ ಮೂರು ಗುಂಪಿನ ಜೀನ್‌ಗಳ ಲೆಕ್ಕ ಕೊಟ್ಟರು. ಎ ಒಂದೇ ಕೆಲಸ ಮಾಡಿದ ಸುತ್ತು ಪುಷ್ಪಪತ್ರ. ಎ ಮತ್ತು ಬಿ ಸೇರಿದರೆ ದಳ. ಬಿ ಮತ್ತು ಸಿ ಸೇರಿದರೆ ಕೇಸರ. ಸಿ ಒಂದೇ ಇದ್ದರೆ ಶಲಾಕೆ. ಸಿ ಕೈಕೊಟ್ಟರೆ ಎ ಒಳಗಿನವರೆಗೂ ಹಬ್ಬುತ್ತದೆ. ಆಗ ಕೇಸರ ಬರಬೇಕಾದ ಜಾಗದಲ್ಲಿ ದಳ ಬರುತ್ತದೆ. ಅವರು ಕೆಲಸ ಮಾಡಿದ್ದು ದಾಸವಾಳದಲ್ಲಿ ಅಲ್ಲ, ಸಾಸಿವೆ ಕುಟುಂಬದ ಒಂದು ಸಣ್ಣ ಕಳೆ ಮತ್ತು ತೋಟದಲ್ಲಿ ಬೆಳೆಸುವ ಆಂಟಿರೈನಮ್ ಎಂಬ ಹೂವಿನಲ್ಲಿ. ಆದರೆ ಲೆಕ್ಕ ಬಹಳಷ್ಟು ಹೂವುಗಳಿಗೆ ಹೊಂದುತ್ತದೆ. ಲ್ಯಾಬಿನಲ್ಲಿ ಸಿ ಕಳೆದುಕೊಂಡ ಆ ಕಳೆಯ ಹೂವನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನ ನನಗೆ ಅಜ್ಜಿ ಮನೆಯ ಮುದ್ದೆ ದಾಸವಾಳ ನೆನಪಾಗಿತ್ತು.

ನಿಮ್ಮೂರ ಕೆರೆಯಲ್ಲಿ ನೈದಿಲೆ ಇದ್ದರೆ ಒಂದು ತರಿಸಿ. ಹೊರಗಿನ ಎಸಳಿನಿಂದ ಶುರುಮಾಡಿ ಒಂದೊಂದಾಗಿ ಕಿತ್ತು ಬಿಳಿ ಹಾಳೆಯ ಮೇಲೆ ಸಾಲಾಗಿ ಇಡಿ. ಅಗಲ ಎಸಳು, ಸಪೂರ ಎಸಳು, ತುದಿಯಲ್ಲಿ ಹಳದಿ ಇರುವ ಎಸಳು, ಆಮೇಲೆ ಪೂರ್ತಿ ಕೇಸರ. ಎಲ್ಲಿ ಎಸಳು ಮುಗಿಯಿತು, ಎಲ್ಲಿ ಕೇಸರ ಶುರುವಾಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ. ನನ್ನ ಹೆಸರು ಇಲ್ಲಿ ಹೀಗಿರುವುದು ಆ ಹೂವಿನಿಂದಲೇ.

---

ಧಾರವಾಡದ ನಿವೃತ್ತ ಮೇಷ್ಟ್ರು

ಮಗಳೇ, ಬಹಳ ಚೆಂದ ಬರೆದಿದ್ದೀಯ. ಮುದ್ದೆ ದಾಸವಾಳವನ್ನು ಬಿಟ್ಟುಬಿಟ್ಟಿದ್ದೆ, ಅದು ನನ್ನ ತಪ್ಪು. ಆದರೆ ಅಕ್ಕೋರೇ, ಎ ಬಿ ಸಿ ಲೆಕ್ಕ ನಿಮಗಿರಲಿ, ಆರನೇ ತರಗತಿಗೆ ಈಗಲೇ ಬೇಡ. ಅವರಿಗೆ ನೈದಿಲೆಯ ಸಾಲು ಸಾಕು. ಕಣ್ಣಿನಿಂದ ನೋಡಿದ್ದು ಗಟ್ಟಿಯಾಗಿ ಕೂತರೆ ಉಳಿದದ್ದು ಕಾಲೇಜಿನಲ್ಲಿ ತಾನಾಗಿ ಹತ್ತಿಕೊಳ್ಳುತ್ತದೆ.

ಕೆರೆಗೆ ಮಕ್ಕಳನ್ನು ಇಳಿಸಬೇಡಿ, ದೊಡ್ಡವರು ಯಾರಾದರೂ ತಂದುಕೊಡಲಿ. ಕಣಗಿಲೆ ಮತ್ತು ಉಮ್ಮತ್ತಿ ಹೂವು ತರಬೇಡಿ ಅಂತ ಮೊದಲೇ ಹೇಳಿ. ಎರಡೂ ವಿಷ. ಮಕ್ಕಳು ಕೈ ಬಾಯಿಗೆ ಹಾಕುತ್ತಾರೆ. ದಾಸವಾಳ, ತುಂಬೆ, ಅವರೆ, ಬದನೆ ಇದ್ದರೆ ಒಂದು ತಿಂಗಳ ಪಾಠಕ್ಕೆ ಸಾಕು. ಅವರೆ ಹೂವಿನ ನಡುವಿನ ಪೊರೆ ಬಿಡಿಸಿದರೆ ಒಳಗೆ ಅಂಡಾಶಯ ಈಗಾಗಲೇ ಎಳೆ ಅವರೆಕಾಯಿಯ ಆಕಾರದಲ್ಲೇ ಇರುತ್ತದೆ. ಹತ್ತು ಕೇಸರ, ಒಂಬತ್ತು ಕೂಡಿವೆ, ಒಂದು ಬೇರೆ.

ಪುಸ್ತಕದ ಚಿತ್ರದ ಹಾಗೇ ಇರುವ ಹೂವು ಬೇಕೇ ಬೇಕು ಅಂದರೆ ಒಗ್ಗರಣೆ ಡಬ್ಬಿಯಿಂದ ಒಂದು ಚಮಚ ಸಾಸಿವೆ ತೆಗೆದು ಶಾಲೆಯ ಅಂಗಳದಲ್ಲಿ ಉದುರಿಸಿ. ಸುಮಾರು ಒಂದೂವರೆ ತಿಂಗಳಲ್ಲಿ ಹೂವು ಬರುತ್ತದೆ. ನಾಲ್ಕು ಪುಷ್ಪಪತ್ರ, ನಾಲ್ಕು ದಳ, ಆರು ಕೇಸರ, ಅದರಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ, ನಡುವೆ ಶಲಾಕೆ. ಯಾವುದೂ ಅಂಟಿಕೊಂಡಿಲ್ಲ, ಯಾವುದೂ ಕಮ್ಮಿ ಇಲ್ಲ.

---

ಮಲೆನಾಡ ಟೀಚರ್

ಸೋಮವಾರದ ಪಾಠ ಬುಧವಾರದವರೆಗೂ ನಡೆಯಿತು. ಅದಕ್ಕೇ ಬರೆಯಲು ತಡವಾಯಿತು.

ಬೆಳಿಗ್ಗೆ ದಾಸವಾಳ ಬಿಡಿಸಿದೆವು. ಸರ್ ಹೇಳಿದ ಹಾಗೆ ಬಿಳಿ ಹಾಳೆಯ ಮೇಲೆ ಹೊರಗಿನಿಂದ ಒಳಗೆ ಸಾಲಾಗಿ ಇಟ್ಟೆವು. ಬಿಸಿಯೂಟದ ಅಡುಗೆಯವರ ಹತ್ತಿರ ಬೆಂಡೆಕಾಯಿ ಕೇಳಿ ತಂದೆ. ಅಡ್ಡ ಕೊಯ್ದು ತೋರಿಸಿದಾಗ ಒಬ್ಬಳು ಹುಡುಗಿ ದಾಸವಾಳದ ಐದು ಕೆಂಪು ಗುಂಡು ಎಣಿಸಿದಳು, ಬೆಂಡೆಯ ಐದು ಕೋಣೆ ಎಣಿಸಿದಳು, ಮತ್ತೆ ದಾಸವಾಳ ಎಣಿಸಿದಳು. ನಾನು ಏನೂ ಹೇಳಲಿಲ್ಲ. ಅವಳೇ ಪಕ್ಕದವಳಿಗೆ ಹೇಳಿದಳು.

ಚೆಂಡುಹೂವಿನ ವಿಷಯ ಹೇಳಿದಾಗ ಗಲಾಟೆಯೇ ಆಯಿತು. "ಹಾಗಾದರೆ ನಾನು ಒಂದು ಹೂವು ತಂದಿದ್ದಲ್ಲ ಟೀಚರ್, ನೂರಾರು ತಂದಿದ್ದು" ಅಂತ ಒಬ್ಬ. ಎಲ್ಲರೂ ಎಣಿಸಲು ಕೂತರು. ಮುದ್ದೆ ದಾಸವಾಳದಲ್ಲಿ ಹಳದಿ ಗಂಟು ಇರುವ ಎಸಳು ಒಂದು ಹೂವಿನಲ್ಲಿ ನಾಲ್ಕು ಸಿಕ್ಕಿತು. ಅದನ್ನು ಪುಸ್ತಕದ ನಡುವೆ ಒಣಗಿಸಿ ಇಟ್ಟಿದ್ದೇವೆ. ಕೇಸರಿಯ ವಿಷಯವನ್ನು ಕನ್ನಡದ ಪೀರಿಯಡ್‌ನಲ್ಲಿ ಹೇಳಿದೆ.

ಒಬ್ಬ ಅತ್ತಿಕಾಯಿ ತಂದ. "ಇದಕ್ಕೆ ಹೂವೇ ಬಿಡುವುದಿಲ್ಲ ಅಂತ ನಮ್ಮಜ್ಜ ಹೇಳ್ತಾರೆ" ಅಂದ. ನಾನು ಆ ರಾತ್ರಿ ಮೇಷ್ಟ್ರಿಗೆ ಮೆಸೇಜ್ ಮಾಡಿ ಕೇಳಿದೆ. ಅತ್ತಿಯ ಹೂವು ಕಾಯಿಯ ಒಳಗೇ ಇರುತ್ತದಂತೆ. ಮಾರನೇ ದಿನ ಉದ್ದಕ್ಕೆ ಕೊಯ್ದೆ. ಒಳಗೋಡೆಯ ತುಂಬ ಸೂಜಿಮೊನೆಯಷ್ಟು ಹೂವುಗಳು, ಮೇಲೆ ಒಂದು ಸಣ್ಣ ಬಾಗಿಲು, ಒಳಗೆ ಕೆಲವು ಪುಟ್ಟ ಕಪ್ಪು ಹುಳ. ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅನ್ನುವ ಗಾದೆಯನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆ ಹುಳ ಆ ಬಾಗಿಲಿನಿಂದ ಪರಾಗ ಹೊತ್ತು ಬಂದ ಕಣಜ ಅಂತ ಗೊತ್ತಿರಲಿಲ್ಲ.

ಕೊನೆಗೆ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದೇವೆ. ಎಡಕ್ಕೆ ಹೂವಿನ ಹೆಸರು, ಮೇಲೆ ನಾಲ್ಕು ಸುತ್ತಿನ ಹೆಸರು. ಮಕ್ಕಳೇ ತುಂಬುತ್ತಿದ್ದಾರೆ. ಇದ್ದರೆ ಎಷ್ಟು ಅಂತ ಸಂಖ್ಯೆ, ಇಲ್ಲದಿದ್ದರೆ "ಇಲ್ಲ". ಚೀನಿಕಾಯಿಯ ಸಾಲನ್ನು ಆ ಹುಡುಗನೇ ಬರೆದ. ಗಂಡು ಹೂವಿನ ಮುಂದೆ ಶಲಾಕೆಯ ಜಾಗದಲ್ಲಿ "ಇಲ್ಲ" ಅಂತ ಬರೆದು ಸ್ವಲ್ಪ ಹೊತ್ತು ನಿಂತ. ಆಮೇಲೆ ಅದರ ಕೆಳಗೆ ಸಣ್ಣದಾಗಿ "ಪಕ್ಕದ ಹೂವಲ್ಲಿ ಇದೆ" ಅಂತ ಸೇರಿಸಿದ.

ಅವನ ಬಳ್ಳಿಯಲ್ಲಿ ಈಗ ಒಂದು ಹೂವಿಗೆ ಕೆಂಪು ದಾರ, ಒಂದಕ್ಕೆ ಬಟ್ಟೆ ಚೀಲ ಕಟ್ಟಿದ್ದೇವೆ. ಚೀಲ ಕಟ್ಟಿದ್ದು ಇವತ್ತು ಹಳದಿಯಾಗಿದೆ. ದಾರ ಕಟ್ಟಿದ್ದು ನಿಂಬೆಹಣ್ಣಿನಷ್ಟಾಗಿದೆ.

ಹಾಳೆಯಲ್ಲಿ ಇನ್ನು ಎರಡು ಸಾಲು ಖಾಲಿ. ಒಂದು ಸಾಸಿವೆಗೆ, ಬೀಜ ಉದುರಿಸಿ ಮೂರು ದಿನವಾಯಿತು. ಇನ್ನೊಂದು ಅಡಿಕೆ ಸಿಂಗಾರಕ್ಕೆ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಅಡಿಕೆ ತೋಟದವರೇ. ಸಿಂಗಾರದ ಬುಡದಲ್ಲಿರುವ ದಪ್ಪನೆಯವು ಹೆಣ್ಣು, ತುದಿಯ ಸಣ್ಣವು ಗಂಡು ಇರಬೇಕು ಅಂತ ಅವರೇ ಈಗಲೇ ಹೇಳುತ್ತಿದ್ದಾರೆ. ಸಿಂಗಾರ ಒಡೆದಾಗ ನೋಡಿ ಬರೆಯುತ್ತೇವೆ.